ಪ್ರದರ್ಶನಕ್ಕೆ ನಿಂತ ದ್ವೀಪಗಳು

ಹವಾಯಿ ದ್ವೀಪಗಳಿಗೆ ವಿಹಾರಾರ್ಥವಾಗಿ ಬಂದವರು ವೈಕೀಕಿಯ ಮರಳದಂಡೆಯಲ್ಲಿ ಒಂದೆರಡು ದಿನ ಬಿಸಿಲು ಕಾಯಿಸಿಕೊಂಡು, ಪರ್ಲ್ ಹಾರ್ಬರಿನಲ್ಲಿ ಮುಳುಗಿದ ಯುದ್ಧನೌಕೆಯ ಸ್ಮಾರಕವನ್ನು ಕಂಡು, ಅನಂತರ ಓವಾಹು ದ್ವೀಪದ ಇನ್ನೊಂದು ಮಗ್ಗುಲಿಗೆ ಪ್ರಯಾಣ ಹೊರಡುವುದು ಅರುವತ್ತು ವರ್ಷಗಳಿಂದ ನಡೆದುಬಂದಿರುವ ವಾಡಿಕೆ. ಕೂಲಾವು ಪರ್ವತಶ್ರೇಣಿಯನ್ನು ದಾಟಿ, ಬಲಕ್ಕೆ ಸಮುದ್ರವನ್ನೂ ಎಡಕ್ಕೆ ಕಡಿದಾದ ಹಸುರು ಬೆಟ್ಟಗಳನ್ನೂ ಇಟ್ಟುಕೊಂಡು ಉತ್ತರಾಭಿಮುಖವಾಗಿ ಸಾಗಿದರೆ, ವೈಕೀಕಿಯಿಂದ ಸುಮಾರು 35 ಮೈಲಿ ದೂರದಲ್ಲಿ ಲಾಯಿಯೆ ಎಂಬ ಸಣ್ಣ ಊರು ಬರುತ್ತದೆ. ಅಲ್ಲಿ 42 ಎಕರೆ ನೆಲದಲ್ಲಿ, ತೋಡಿ ಮಾಡಿದ ಒಂದು ಸಿಹಿನೀರಿನ ಕೊಳದ ಸುತ್ತ, ಶಾಂತಸಾಗರದ ನಾಡುಗಳ ಮನೆಗಳು ಗುಂಪುಗುಂಪಾಗಿ ನಿಂತಿವೆ: ಹವಾಯಿ, ಸಮೋವಾ, ಟೋಂಗಾ, ಟಹೀಟಿ, ಫಿಜಿ, ಮತ್ತು ಮಾವೋರಿಗಳ ನ್ಯೂಜಿಲೆಂಡ್. ಇದಕ್ಕೆ ಪಾಲಿನೇಷ್ಯನ್ ಸಾಂಸ್ಕೃತಿಕ ಕೇಂದ್ರವೆಂದು ಹೆಸರು.

ಒಳಹೊಕ್ಕ ಪ್ರವಾಸಿಗೆ ಅಲ್ಲಿ ಅರ್ಧ ದಿನಕ್ಕೆ ಸಾಲುವಷ್ಟು ವಿನೋದವಿದೆ. ಸಮೋವದ ಯುವಕನು ಬರಿಗಾಲಿನಲ್ಲಿ ತೆಂಗಿನ ಮರವೇರಿ ಇಳಿದು, ನೆಲಕ್ಕೆ ನೆಟ್ಟ ಮರದ ಮೊನೆಯಲ್ಲಿ ಕಾಯಿ ಸುಲಿದು, ಕಲ್ಲಿನಿಂದ ಒಂದೇ ಏಟಿಗೆ ಅದನ್ನು ಎರಡು ಹೋಳು ಮಾಡುತ್ತಾನೆ. ನಮ್ಮ ಕರಾವಳಿಯ ತೋಟಗಳಲ್ಲಿ ಕಬ್ಬಿಣದ ಮೊನೆಯಿಂದ ದಿನಂಪ್ರತಿ ನಡೆಯುವ ಕೆಲಸವೇ ಅದಾದರೂ, ಅಮೆರಿಕದ ನಗರವಾಸಿಗಳಿಗೆ ಅದು ಇಂದ್ರಜಾಲ. ಟೋಂಗದವರು ನಗಾರಿಯನ್ನು ಬಾರಿಸಿ, ನೋಡಲು ಬಂದವರಲ್ಲಿ ಇಬ್ಬರು ಮೂವರನ್ನು ವೇದಿಕೆಗೆ ಕರೆದು, ಅವರಿಂದಲೂ ಬಾರಿಸಿಸಿ ನಗಿಸುತ್ತಾರೆ. ಮಾವೋರಿ ಸಭಾಗೃಹದ ಮುಂದೆ ಅತಿಥಿಗೆ ವಿಧಿಪೂರ್ವಕವಾದ ಸವಾಲು, ಬಳಿಕ ಸ್ವಾಗತ. ಮಧ್ಯಾಹ್ನ ಕೊಳದ ಮೇಲೆ ಜೋಡಿದೋಣಿಗಳಲ್ಲಿ ನರ್ತಕರ ಮೆರವಣಿಗೆ. ಸಂಜೆ ನೆಲದೊಳಗಿನ ಬಿಸಿಗಲ್ಲಿನ ಒಲೆಯಲ್ಲಿ ಬೆಂದ ಹಂದಿಮಾಂಸ, ಕೆಸುವಿನ ಗಡ್ಡೆಯನ್ನು ಬೇಯಿಸಿ ಕುಟ್ಟಿದ ಪೋಯಿ. ರಾತ್ರಿ ಬೃಹತ್ತಾದ ಬಯಲು ರಂಗಮಂದಿರದಲ್ಲಿ ನೃತ್ಯ, ಅದರ ಕೊನೆಗೆ ಉರಿಯುವ ಕತ್ತಿಗಳನ್ನು ತಿರುಗಿಸುವ ಸಮೋವದ ಜಾಣರು. ಇವೆಲ್ಲವನ್ನೂ ನೋಡಿ ಹಿಂದಿರುಗುವಾಗ ವಿದ್ಯಾವಂತನಾದ ಪ್ರವಾಸಿಯ ಬಾಯಲ್ಲಿ ಸಾಮಾನ್ಯವಾಗಿ ಒಂದು ಮಾತು ಬರುತ್ತದೆ: ಚೆನ್ನಾಗಿತ್ತು, ಆದರೆ ಎಲ್ಲವೂ ಕೃತಕ. ಈ ಮಾತನ್ನಾಡುವವರು ಆ ಊರಿನ ಚರಿತ್ರೆಯನ್ನು ಕೇಳಿದವರಲ್ಲವೆಂದು ನನ್ನ ಅಭಿಪ್ರಾಯ. ಆರು ನಾಡುಗಳು ಹವಾಯಿಯ ಈ ಮೂಲೆಯಲ್ಲಿಯೇ ಏಕೆ ಬಂದು ಕೂಡಿದವೆಂಬುದು, ಅಲ್ಲಿ ತೋರಿಸುವ ಯಾವ ನೃತ್ಯಕ್ಕಿಂತಲೂ ಕುತೂಹಲಕರವಾದ ವಿಷಯ.

ಪುರಾತನ ಹವಾಯಿಯಲ್ಲಿ ಲಾಯಿಯೆ ಒಂದು ಶರಣಸ್ಥಾನವಾಗಿತ್ತು. ಅಲ್ಲಿನ ಧರ್ಮದ ಕಟ್ಟುಕಟ್ಟಳೆಗಳು ಅತಿ ಕಠಿನ. ಅವುಗಳನ್ನು ಮೀರಿದವನಿಗೆ ಅನೇಕ ವೇಳೆ ಮರಣವೇ ದಂಡನೆ. ಆದರೆ ಅಪರಾಧಿಯು ಬೆನ್ನಟ್ಟಿದವರ ಕೈಗೆ ಸಿಕ್ಕದೆ ಇಂಥ ಶರಣಸ್ಥಾನದ ಎಲ್ಲೆಯನ್ನು ತಲುಪಿದನೆಂದರೆ, ಪುರೋಹಿತರು ಅವನಿಗೆ ಶುದ್ಧಿ ಮಾಡಿಸಿ ಪ್ರಾಣದಾನ ಕೊಡುತ್ತಿದ್ದರು. 1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಹವಾಯಿಯನ್ನು ಕಂಡುವು. ಹೊರಗಿನವರ ಸಂಪರ್ಕದೊಡನೆ ಬಂದ ಸಾಂಕ್ರಾಮಿಕ ರೋಗಗಳು ಜನವನ್ನು ಉರುಳಿಸಿದ ಪರಿ ಹೇಳತೀರದು. 1890ರ ಜನಗಣತಿಯ ವೇಳೆಗೆ, ಮಿಶ್ರಸಂತಾನದವರನ್ನೂ ಸೇರಿಸಿಕೊಂಡು, ಮೂಲನಿವಾಸಿಗಳ ಸಂಖ್ಯೆ ಸುಮಾರು 40 ಸಾವಿರಕ್ಕೆ ಇಳಿದಿತ್ತು. ಈ ನಡುವೆ 1848ರ ಭೂವಿಭಜನೆಯಿಂದ, ಅದುವರೆಗೆ ಅರಸನ ಮತ್ತು ನಾಯಕರ ಅಧೀನದಲ್ಲಿದ್ದು ಪ್ರಜೆಗಳು ಅನುಭವಿಸಿಕೊಂಡು ಬಂದಿದ್ದ ನೆಲವು ಕ್ರಯವಿಕ್ರಯಕ್ಕೆ ಒಳಪಟ್ಟಿತು. ಪರದೇಶೀಯರಿಗೆ ಭೂಮಿ ಕೊಳ್ಳುವ ಹಕ್ಕೂ ಬಂದಿತು.

ಹಾಗೆ ಭೂಮಿಯನ್ನು ಕೊಂಡವರಲ್ಲಿ ಮಾರ್ಮನ್ ಪಂಥದವರೂ ಇದ್ದರು. ಅಮೆರಿಕದಲ್ಲಿ ಹುಟ್ಟಿ, ನೆರೆಹೊರೆಯವರ ಹಿಂಸೆ ತಾಳಲಾರದೆ ಯೂಟಾದ ಮರುಭೂಮಿಯ ಅಂಚಿನಲ್ಲಿ ನೆಲೆಯೂರಿದ ಈ ಪಂಥದ ಪ್ರಚಾರಕರು 1850ರ ಡಿಸೆಂಬರಿನಲ್ಲಿ ಹವಾಯಿಗೆ ಬಂದರು. ಅವರ ಮೊದಲ ವಸಾಹತು ಲಾಯಿಯೆಯಲ್ಲ, ಲಾನಾಯಿ ದ್ವೀಪದಲ್ಲಿತ್ತು. ಅದು ಕೈತಪ್ಪಿಹೋದ ಕಥೆ ಕಾದಂಬರಿಗೆ ಯೋಗ್ಯವಾದದ್ದು: ವಾಲ್ಟರ್ ಮರ್ರೆ ಗಿಬ್ಸನ್ ಎಂಬ ಸಾಹಸಿಗನು ಪಂಥವನ್ನು ಸೇರಿ, ಭಕ್ತರ ನಾಯಕನಾಗಿ, ಅವರ ಹಣದಿಂದ ಕೊಂಡ ಭೂಮಿಯನ್ನು ತನ್ನ ಸ್ವಂತ ಹೆಸರಿಗೆ ಬರೆಸಿಕೊಂಡನು. 1864ರಲ್ಲಿ ಆತನನ್ನು ಪಂಥದಿಂದ ಬಹಿಷ್ಕರಿಸಿದರಾದರೂ ಭೂಮಿ ಮಾತ್ರ ಆತನಲ್ಲಿಯೇ ಉಳಿಯಿತು. ಆತನಿಗೇನೂ ನಷ್ಟವಾಗಲಿಲ್ಲ; ಮುಂದೆ ಕಲಾಕೌವಾ ದೊರೆಯ ಪ್ರಧಾನಮಂತ್ರಿಯಾಗಿ ಕೆಲವು ವರ್ಷ ರಾಜ್ಯಭಾರವನ್ನೂ ನಡೆಸಿದನು. ನೆಲ ಕಳೆದುಕೊಂಡ ಪಂಥದವರು 1865ರಲ್ಲಿ ಲಾಯಿಯೆಯ ಸುಮಾರು 6,000 ಎಕರೆ ಭೂಮಿಯನ್ನು 14,000 ಡಾಲರಿಗೆ ಕೊಂಡು, ಕಬ್ಬಿನ ತೋಟವನ್ನು ಹಾಕಿ, ಕೆಲವೇ ವರ್ಷಗಳಲ್ಲಿ ಸಕ್ಕರೆಯ ಗಾಣವನ್ನೂ ಕಟ್ಟಿದರು. ಹವಾಯಿಯ ಭಕ್ತರು ನಾನಾ ದ್ವೀಪಗಳಿಂದ ಬಂದು ಅಲ್ಲಿ ನೆಲಸಿ, ಕೆಸುವಿನ ಗದ್ದೆಗಳನ್ನು ಬೇಸಾಯ ಮಾಡಿಕೊಂಡು, ತೋಟದಲ್ಲಿ ಕೂಲಿಯನ್ನೂ ಮಾಡಿದರು. ಹಳೆಯ ಶರಣಸ್ಥಾನವು ಹೊಸ ಧರ್ಮದ ಶರಣಸ್ಥಾನವಾಯಿತೆಂದು ಪಂಥದವರು ಸಂತೋಷದಿಂದ ಹೇಳಿಕೊಳ್ಳುತ್ತಾರೆ. ಸ್ಥಾನವು ಕೈಬದಲಾಯಿಸಿದ ಬಗೆಯನ್ನು ಅಷ್ಟು ಸಂತೋಷದಿಂದ ಹೇಳಿಕೊಳ್ಳುವುದಿಲ್ಲ.

ಈ ಪಂಥಕ್ಕೂ ಪಾಲಿನೇಷ್ಯದ ಜನಕ್ಕೂ ಇಷ್ಟು ಗಾಢವಾದ ನಂಟು ಬೆಳೆಯಲು ಒಂದು ವಿಶೇಷ ಕಾರಣವುಂಟು. ಸಾಗರದ್ವೀಪಗಳ ಈ ಜನರು ಪಂಥದ ಪವಿತ್ರ ಗ್ರಂಥದಲ್ಲಿ ಹೇಳಿರುವ ಇಸ್ರೇಲೀಯ ಸಂತತಿಯವರೆಂದೂ, ಹಾಗೋತ್ ಎಂಬ ನೌಕಾನಿರ್ಮಾಪಕನ ಹಡಗುಗಳಲ್ಲಿ ಬಂದವರ ವಂಶಜರೆಂದೂ ಮಾರ್ಮನ್ ಹಿರಿಯರು ನಂಬಿದ್ದರು. ಇತಿಹಾಸದ ಸಾಕ್ಷ್ಯ ಬೇರೆಯೇ ದಾರಿಯನ್ನು ತೋರಿಸುತ್ತದೆ: ಈ ನಾವಿಕರ ಪೂರ್ವಜರು ಏಷ್ಯದ ಆಗ್ನೇಯ ದ್ವೀಪಗಳ ಕಡೆಯಿಂದ ಪೂರ್ವಾಭಿಮುಖವಾಗಿ ಸಾಗಿ, ಇಂದಿಗೆ ಸುಮಾರು 3,000 ವರ್ಷಗಳ ಹಿಂದೆ ಟೋಂಗಾ ಸಮೋವಾಗಳನ್ನು ಸೇರಿ, ಅಲ್ಲಿಂದ ಬಹುಕಾಲದ ಮೇಲೆ ಟಹೀಟಿ, ಹವಾಯಿ, ಕಡೆಗೆ ನ್ಯೂಜಿಲೆಂಡನ್ನು ಕಂಡುಹಿಡಿದರು. ಅವರು ದೋಣಿಗಳಲ್ಲಿ ಹೊತ್ತು ತಂದ ಕೆಸು, ತೆಂಗು, ಬಾಳೆ, ದೀವಿಹಲಸುಗಳೇ ಅವರು ಬಂದ ದಿಕ್ಕನ್ನು ಸಾರುತ್ತವೆ. ಕನ್ನಡ ನಾಡಿನವನಿಗೆ ಆ ಗ್ರಾಮಗಳ ಹಿತ್ತಲಲ್ಲಿ ಅಪರಿಚಿತವಾದ ಗಿಡ ಬಹಳ ಸಿಕ್ಕದು. ಆದರೆ ನಂಬಿಕೆ ಸರಿಯೋ ತಪ್ಪೋ, ಅದರ ಫಲವೊಂದು ಚರಿತ್ರೆಯಲ್ಲಿ ದೃಢವಾಗಿ ನಿಂತಿತು. ಇತರ ಬಿಳಿಯ ಜನ ದ್ವೀಪವಾಸಿಗಳನ್ನು ಅನಾಗರಿಕರೆಂದು ಎಣಿಸುತ್ತಿದ್ದ ಕಾಲದಲ್ಲಿ ಈ ಪಂಥವು ಅವರನ್ನು ವಾಗ್ದಾನಕ್ಕೆ ಬಾಧ್ಯರಾದ ಜನಾಂಗವೆಂದು ಕರೆಯಿತು; ದ್ವೀಪಗಳಲ್ಲಿ ಅದಕ್ಕೆ ಬಂದ ಅನುಯಾಯಿಗಳ ಸಂಖ್ಯೆಗೆ ಇದು ಸಣ್ಣ ಕಾರಣವಲ್ಲ.

ಭಕ್ತಿಯ ಆಕರ್ಷಣೆ ಎಷ್ಟಿತ್ತೆಂಬುದಕ್ಕೆ ಯೊಸೆಪಾದ ವೃತ್ತಾಂತ ಸಾಕ್ಷಿ. ಪಂಥದ ಪರಮಪವಿತ್ರ ಸಂಸ್ಕಾರಗಳು ದೇವಾಲಯದಲ್ಲಿಯೇ ನಡೆಯಬೇಕು, ದೇವಾಲಯಗಳಿದ್ದದ್ದು ಯೂಟಾದಲ್ಲಿ. ಆದಕಾರಣ ಹವಾಯಿಯ ಹಲವು ಕುಟುಂಬಗಳು ಸಮುದ್ರವನ್ನು ದಾಟಿ, 1889ರಲ್ಲಿ ಯೂಟಾದ ಸ್ಕಲ್ ಕಣಿವೆಯಲ್ಲಿ ಯೊಸೆಪಾ ಎಂಬ ಊರನ್ನು ಕಟ್ಟಿಕೊಂಡು, ಹಿಮವನ್ನೂ ಒಣಗಾಳಿಯನ್ನೂ ಸಹಿಸಿ ಸುಮಾರು ಕಾಲು ಶತಮಾನ ಬದುಕಿದವು. ಹದಿನೈದರ ಹರೆಯದಲ್ಲಿ ಪ್ರಚಾರಕನಾಗಿ ಹವಾಯಿಗೆ ಬಂದು ಮುಂದೆ ಪಂಥಾಧ್ಯಕ್ಷನಾದ ಜೋಸೆಫ್ ಎಫ್. ಸ್ಮಿತ್ 1915ರಲ್ಲಿ ಲಾಯಿಯೆಯಲ್ಲಿಯೇ ದೇವಾಲಯಕ್ಕೆ ನೆಲವನ್ನು ಗೊತ್ತುಮಾಡಿದ ಮೇಲೆ ಮರುಭೂಮಿಯವರು ಹಿಂದಿರುಗಿದರು. 1917ರ ವೇಳೆಗೆ ಯೊಸೆಪಾ ಬರಿದಾಗಿತ್ತು. 1919ರ ನವೆಂಬರಿನಲ್ಲಿ ದೇವಾಲಯದ ಪ್ರತಿಷ್ಠೆಯಾಯಿತು. ಅಂದಿನಿಂದ ಲಾಯಿಯೆ ಹವಾಯಿಯವರ ಊರಷ್ಟೇ ಆಗಿ ಉಳಿಯಲಿಲ್ಲ. ಸಮೋವದಿಂದ, ಟೋಂಗದಿಂದ, ಮಾವೋರಿಗಳ ನಾಡಿನಿಂದ ಯಾತ್ರಿಕರು ಬರತೊಡಗಿದರು, ಅವರಲ್ಲಿ ಅನೇಕರು ನಿಂತರು. ಪ್ರವಾಸಿಯ ಟಿಕೇಟಿಗಾಗಿ ಕೂಡಿಸಿದ ಕೂಟವೆಂದು ತೋರುವ ಆರು ನಾಡುಗಳ ನೆರವಿಗೆ ಅಸ್ತಿಭಾರ ಬಿದ್ದದ್ದು, ಟಿಕೇಟು ಅಚ್ಚಾಗುವುದಕ್ಕೆ ನಲವತ್ತು ವರ್ಷ ಮೊದಲು.

ಇನ್ನು ಪ್ರದರ್ಶನದ ಕಥೆ. ಇದರ ಮೂಲ ಒಂದು ಬೆಂಕಿಯ ಅನಾಹುತದಲ್ಲಿದೆ. 1940ರಲ್ಲಿ ಊರಿನ ಪ್ರಾರ್ಥನಾಮಂದಿರ ಸುಟ್ಟುಹೋಯಿತು. ನಡುವೆ ಮಹಾಯುದ್ಧ ಬಂದಿತು. ಹೊಸ ಮಂದಿರಕ್ಕೆ ಹಣ ಬೇಕು, ಊರಲ್ಲಿ ಹಣವಿಲ್ಲ. ಇದ್ದದ್ದು ಕಡಲು, ಬಲೆ, ಹಾಡು. ಊರಿನವರೆಲ್ಲ ಸೇರಿ ಉದ್ದನೆಯ ಬಲೆಯನ್ನು ಕಡಲಿಗೆ ಬೀಸಿ, ಅದರ ಹಗ್ಗಕ್ಕೆ ಎಲೆಗಳನ್ನು ಕಟ್ಟಿ ಮೀನನ್ನು ಬೆದರಿಸಿ ದಡಕ್ಕೆ ಎಳೆಯುವ ಹುಕಿಲೌ ಎಂಬ ಪದ್ಧತಿ ಹವಾಯಿಯಲ್ಲಿ ಬಹು ಪ್ರಾಚೀನವಾದದ್ದು. 1948ರಲ್ಲಿ ಲಾಯಿಯೆಯವರು ಇದನ್ನು ಹಣ ಕೊಟ್ಟು ನೋಡುವವರಿಗೆ ತೆರೆದರು. ಹೊನೊಲುಲುವಿನಿಂದ ಬಂದವರು ಬಲೆಯನ್ನು ತಾವೂ ಹಿಡಿದೆಳೆದು, ಊಟ ಮಾಡಿ, ನೃತ್ಯ ನೋಡಿ ಹೋದರು. ಅದೇ ವರ್ಷ ಜಾಕ್ ಓವೆನ್ಸ್ ಎಂಬಾತನು ಅದರ ಮೇಲೆ ಕಟ್ಟಿದ ಹಾಡು ಅಮೆರಿಕದಲ್ಲೆಲ್ಲ ಹಬ್ಬಿತು. ಮಂದಿರ ಕಟ್ಟಿ ಮುಗಿದರೂ ಹುಕಿಲೌ ನಿಲ್ಲಲಿಲ್ಲ. ಅಡಿಗೆ, ಚಾಪೆ ಹೆಣೆಯುವಿಕೆ, ಹಾಡು, ಕುಣಿತ, ಸ್ವಾಗತ, ಎಲ್ಲವೂ ಊರಿನವರ ಕೈಯಲ್ಲೇ ನಡೆದ ಈ ಮಾಸಿಕ ಉತ್ಸವದಲ್ಲಿ ಮುಂದಿನ ಕೇಂದ್ರದ ರೂಪರೇಖೆ ಪೂರ್ಣವಾಗಿ ಇದೆ.

ಎರಡನೆಯ ಅಗತ್ಯ ವಿದ್ಯೆಯದು. 1955ರಲ್ಲಿ ಪಂಥವು ಲಾಯಿಯೆಯಲ್ಲಿ ಒಂದು ಕಾಲೇಜನ್ನು ತೆರೆಯಿತು; ಈಗ ಅದು ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಹವಾಯಿ ಶಾಖೆ. ದೂರದ ದ್ವೀಪಗಳಿಂದ ಬಂದ ವಿದ್ಯಾರ್ಥಿಗಳ ಕೈಯಲ್ಲಿ ಕಾಸಿರಲಿಲ್ಲ, ಆ ಹಳ್ಳಿಯಲ್ಲಿ ದುಡಿಯಲು ಕೆಲಸವೂ ಇರಲಿಲ್ಲ. ನ್ಯೂಜಿಲೆಂಡಿನಲ್ಲಿ ಬಹುಕಾಲ ಕಳೆದು ಮಾವೋರಿ ಭಾಷೆಯನ್ನು ಕರಗತ ಮಾಡಿಕೊಂಡಿದ್ದ ಮ್ಯಾಥ್ಯೂ ಕೌಲಿ ಎಂಬ ಹಿರಿಯನು, ಲಾಯಿಯೆಯಲ್ಲಿ ಮಾವೋರಿಗಳಿಗೊಂದು, ಟೋಂಗದವರಿಗೊಂದು, ಸಮೋವದವರಿಗೊಂದು ಪುಟ್ಟ ಗ್ರಾಮವನ್ನು ಕಾಣುವ ಆಸೆಯನ್ನು 1951ರಲ್ಲಿಯೇ ಹೊನೊಲುಲುವಿನ ಒಂದು ಸಭೆಯಲ್ಲಿ ಹೇಳಿದ್ದನು. ಆತನಿಗಿದ್ದದ್ದು ಬಂದ ಯಾತ್ರಿಕರು ಇಳಿದುಕೊಳ್ಳುವ ಸ್ಥಳದ ಕಲ್ಪನೆ. 1953ರಲ್ಲಿ ಆತನು ತೀರಿಕೊಂಡ ಮೇಲೆ ಆ ಕಲ್ಪನೆಗೆ ಬೇರೊಂದು ಉಪಯೋಗ ಕಾಣಿಸಿತು. 1959ರ ಆಗಸ್ಟಿನಲ್ಲಿ ಹವಾಯಿ ಅಮೆರಿಕದ ಐವತ್ತನೆಯ ಸಂಸ್ಥಾನವಾಯಿತು. ಅದೇ ವರ್ಷ ಜೆಟ್ ವಿಮಾನಗಳು ಹೊನೊಲುಲುವಿಗೆ ಬಂದುವು. ಆ ವರ್ಷ ಬಂದ ಪ್ರವಾಸಿಗಳು ಸುಮಾರು 2 ಲಕ್ಷ 43 ಸಾವಿರ; 1967ರಲ್ಲಿ ಅದು ಹತ್ತು ಲಕ್ಷವನ್ನು ದಾಟಿತು. ವೈಕೀಕಿಯಲ್ಲಿ ನೃತ್ಯಪ್ರದರ್ಶನ ಕೊಟ್ಟು ಮೆಚ್ಚಿಗೆ ಗಳಿಸಿದ್ದ ಕಾಲೇಜಿನ ಹುಡುಗರು ಆ ಮೆಚ್ಚಿಗೆಯಿಂದ ವ್ಯಾಸಂಗದ ವೆಚ್ಚ ಹೊರಡಿಸಬಹುದೆಂಬುದು ಆಡಳಿತದವರಿಗೆ ಹೊಳೆಯಿತು.

ಸಂಬಳವಿಲ್ಲದೆ ದುಡಿದ ನೂರಕ್ಕೂ ಹೆಚ್ಚು ಮಂದಿ ಶ್ರಮಸೇವಕರು, ಕೆಸು ಬೆಳೆಯುತ್ತಿದ್ದ 12 ಎಕರೆ ನೆಲದಲ್ಲಿ ಮೊದಲ ಕಟ್ಟಡಗಳನ್ನು ಕಟ್ಟಿದರು. ಆಯಾ ದ್ವೀಪದಿಂದಲೇ ಕುಶಲಕರ್ಮಿಗಳೂ ಸಾಮಗ್ರಿಯೂ ಬಂದುವು. ಮಾವೋರಿ ಸಭಾಗೃಹದ ಕೆತ್ತನೆಗೆ ಹೋನೆ ತಾಯಿಯಾಪಾ ಎಂಬ ಪ್ರಖ್ಯಾತ ಶಿಲ್ಪಿಯ ಮಾರ್ಗದರ್ಶನ ದೊರೆಯಿತು. ಟೋಂಗದವರು ತಮ್ಮ ರಾಣಿ ಸಲೋಟೆಯ ಬೇಸಗೆಯ ಮನೆಯ ಮಾದರಿಯನ್ನು ನಿಲ್ಲಿಸಿದರು. ಫಿಜಿಯವರು ಎತ್ತರವಾದ ಚಾವಣಿಯ ದೇವಗೃಹವನ್ನೆಬ್ಬಿಸಿದರು. 1963ರ ಅಕ್ಟೋಬರ್ 12ರಂದು ಕೇಂದ್ರದ ಉದ್ಘಾಟನೆ. ಮೊದಮೊದಲು ವ್ಯಾಪಾರ ಬಹಳ ಮಂದ. ವೈಕೀಕಿಯ ಹೋಟೆಲುಗಳನ್ನು ಬಿಟ್ಟು ಅಷ್ಟು ದೂರ ಯಾರು ಬರುತ್ತಾರೆ, ಬಂದರೂ ಮದ್ಯ ಸಿಕ್ಕದ ಔತಣಕ್ಕೆ ಯಾರು ಕೂರುತ್ತಾರೆ ಎಂದು ಹಾಸ್ಯ ಮಾಡಿದವರ ಮಾತು ನಿಜವಾಗುವಂತೆಯೇ ಇತ್ತು: 600 ಆಸನಗಳ ರಂಗಮಂದಿರ ಶನಿವಾರದ ರಾತ್ರಿ ಮಾತ್ರ ತುಂಬುತ್ತಿತ್ತು. ಹಾಲಿವುಡ್ ಬೌಲಿನಲ್ಲಿಯೂ ಎಡ್ ಸಲ್ಲಿವನ್ನನ ದೂರದರ್ಶನ ಕಾರ್ಯಕ್ರಮದಲ್ಲಿಯೂ ನೃತ್ಯತಂಡ ಕಾಣಿಸಿಕೊಂಡ ಮೇಲೆ, ಎಲ್ವಿಸ್ ಪ್ರೆಸ್ಲಿಯ 1966ರ ಹವಾಯಿ ಚಿತ್ರದ ಕೆಲವು ದೃಶ್ಯಗಳನ್ನು ಅಲ್ಲಿಯೇ ತೆಗೆದ ಮೇಲೆ, ದಾರಿ ತೆರೆಯಿತು. 1976ರಲ್ಲಿ ಕಟ್ಟಿದ ಹೊಸ ರಂಗಮಂದಿರದಲ್ಲಿ ಸುಮಾರು 2,800 ಆಸನಗಳಿವೆ. ಭಾನುವಾರ ಇಂದಿಗೂ ಬಾಗಿಲಿಲ್ಲ. ಮದ್ಯ ಇಂದಿಗೂ ಇಲ್ಲ.

ಜೀವಂತ ಮನುಷ್ಯರನ್ನು ಅವರ ಮನೆಗಳ ಸಮೇತ ಪ್ರದರ್ಶನಕ್ಕಿಡುವ ಪದ್ಧತಿ ಲಾಯಿಯೆಯಲ್ಲಿ ಹುಟ್ಟಿದ್ದಲ್ಲ. 1893ರ ಷಿಕಾಗೋ ವಿಶ್ವಮೇಳದಲ್ಲಿ, ಸ್ವಾಮಿ ವಿವೇಕಾನಂದರು ಧರ್ಮಸಂಸತ್ತಿನಲ್ಲಿ ಮಾತನಾಡಿದ ಆ ವರ್ಷವೇ, ಮೇಳದ ವಿನೋದಬೀದಿಯಲ್ಲಿ ಸಮೋವದವರ ಗ್ರಾಮವೊಂದಿತ್ತು. ಅಲ್ಲಿ ಕುಣಿದವರು ಸಮೋವದವರು; ಮೇಳವನ್ನು ಏರ್ಪಡಿಸಿ ಲಾಭವೆಣಿಸಿದವರು ಬೇರೆ. ಲಾಯಿಯೆಯನ್ನು ಅದರ ಸಾಲಿಗೆ ಸೇರಿಸುವ ವಿಮರ್ಶಕರಿದ್ದಾರೆ. ಪ್ರವಾಸೋದ್ಯಮವು ಹವಾಯಿಯ ಸಂಸ್ಕೃತಿಯನ್ನು ಮಾರಾಟಕ್ಕಿಟ್ಟು ಹೀನಗೊಳಿಸುತ್ತದೆಂದು ಹೌನಾನಿ-ಕೇ ಟ್ರಾಸ್ಕ್ ಎಂಬ ಹವಾಯಿಯ ವಿದುಷಿ ತೀಕ್ಷ್ಣವಾಗಿ ಬರೆದರು. ಆ ಕೋಪಕ್ಕೆ ಕಾರಣವಿಲ್ಲವೆಂದು ಯಾರೂ ಹೇಳಲಾರರು. 1893ರ ಜನವರಿಯಲ್ಲಿ ರಾಣಿ ಲಿಲಿಯೊಕಲಾನಿಯನ್ನು ಬಿಳಿಯ ವರ್ತಕರೂ ತೋಟಗಾರರೂ ಪದಚ್ಯುತಗೊಳಿಸಿದರು. 1896ರ ಕಾನೂನು ಶಾಲೆಗಳಿಂದ ಹವಾಯಿ ಭಾಷೆಯನ್ನು ಹೊರಗಟ್ಟಿತು. 1898ರಲ್ಲಿ ಅಮೆರಿಕವು ದೇಶವನ್ನೇ ತನ್ನೊಳಗೆ ಸೇರಿಸಿಕೊಂಡಿತು. ಭಾಷೆಯನ್ನೂ ನೆಲವನ್ನೂ ಕಳೆದುಕೊಂಡ ಜನರ ನೃತ್ಯಕ್ಕೆ ಮಾತ್ರ ಚಪ್ಪಾಳೆ ತಟ್ಟುವುದರಲ್ಲಿ ಒಂದು ಬಗೆಯ ನಿರ್ದಯತೆಯುಂಟು.

ಹಾಗಿದ್ದರೂ ಲಾಯಿಯೆಯ ವ್ಯವಸ್ಥೆ ಷಿಕಾಗೋವಿನದಲ್ಲ. ಇಲ್ಲಿ ಕುಣಿಯುವವರಲ್ಲಿ ಬಹುಭಾಗ ವಿದ್ಯಾರ್ಥಿಗಳು. ವಾರಕ್ಕೆ ಇಷ್ಟು ಗಂಟೆಯೆಂದು ದುಡಿದು ಕಾಲೇಜಿನ ಶುಲ್ಕವನ್ನು ತೀರಿಸಿಕೊಳ್ಳುವವರು. ಸಂಜೆ ನಗಾರಿ ಬಾರಿಸಿದ ಹುಡುಗ ಬೆಳಿಗ್ಗೆ ಲೆಕ್ಕಶಾಸ್ತ್ರದ ತರಗತಿಗೆ ಹೋಗಬೇಕು. ಆದಾಯವನ್ನೂ ಆಡಳಿತವನ್ನೂ ಕೊನೆಗೆ ನಿಯಂತ್ರಿಸುವುದು ಪಂಥವೆಂಬುದು ದಿಟ. ಉಡುಪು ಹಿಂದಿನದಕ್ಕಿಂತ ಹೆಚ್ಚು ಮೈಮುಚ್ಚುವುದಕ್ಕೂ, ಹಳೆಯ ದೇವತೆಗಳ ವಿಷಯ ಮೆಲ್ಲಗೆ ಜಾರುವುದಕ್ಕೂ ಅದೇ ಕಾರಣ. ಆದರೆ ಅಲ್ಲಿ ಕಲಿತ ಎಷ್ಟೋ ತರುಣರು ತಮ್ಮದೇ ನಾಡಿನ ನೃತ್ಯವನ್ನು ಲಾಯಿಯೆಯಲ್ಲಿಯೇ ಮೊದಲು ಕ್ರಮವಾಗಿ ಅಭ್ಯಾಸ ಮಾಡಿದವರು. 2001ರಲ್ಲಿ ವಿಶ್ವವಿದ್ಯಾಲಯದವರು 57 ಅಡಿ ಉದ್ದದ ಜೋಡಿದೋಣಿಯೊಂದನ್ನು ಮರದಲ್ಲಿ ಕಡೆಸಿ ಕಡಲಿಗಿಳಿಸಿ, ಯೂಟಾದ ಆ ಮರುಭೂಮಿಯ ಊರಿನ ನೆನಪಿಗೆ ಅದಕ್ಕೆ ಯೊಸೆಪಾ ಎಂದೇ ಹೆಸರಿಟ್ಟರು.

ಪ್ರಾಚೀನತೆಯ ಪ್ರಶ್ನೆಯೂ ತೋರುವಷ್ಟು ಸರಳವಲ್ಲ. ರಾತ್ರಿಯ ಪ್ರದರ್ಶನದಲ್ಲಿ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಪಡೆಯುವ ಉರಿಗತ್ತಿಯ ನೃತ್ಯವನ್ನೇ ನೋಡಿರಿ. ಕತ್ತಿ ತಿರುಗಿಸುವ ನೃತ್ಯ ಸಮೋವದಲ್ಲಿ ಹಳೆಯದು. ಅದಕ್ಕೆ ಬೆಂಕಿ ಹಚ್ಚಿದವನು ಫ್ರೆಡ್ಡಿ ಲೆಟೂಲಿ ಎಂಬ ಸಮೋವದ ನರ್ತಕ, 1946ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಬೆಂಕಿ ನುಂಗುವ ಒಬ್ಬ ಹಿಂದೂ ಕಲಾವಿದನನ್ನು ಕಂಡು ತನಗೆ ಆ ಯೋಚನೆ ಬಂದಿತೆಂದು ಆತನೇ ಹೇಳಿಕೊಂಡಿದ್ದಾನೆ. ಇಂದು ಸಮೋವದ ಮಕ್ಕಳು ಅದನ್ನು ತಮ್ಮದೆಂದೇ ಕಲಿಯುತ್ತಾರೆ; 1993ರಿಂದ ಲಾಯಿಯೆಯಲ್ಲಿ ಅದರ ವಿಶ್ವಸ್ಪರ್ಧೆ ನಡೆಯುತ್ತದೆ. ಹವಾಯಿಯ ಹುಲಾ ನೃತ್ಯಕ್ಕೂ ಇಂಥದೇ ಭಾಗ್ಯ: 1830ರಲ್ಲಿ ಕ್ರೈಸ್ತಳಾದ ರಾಣಿ ಕಾಹುಮಾನು ಅದನ್ನು ಬಹಿರಂಗದಲ್ಲಿ ನಿಷೇಧಿಸಿದಳು, ಅದನ್ನು ಮತ್ತೆ ಆಸ್ಥಾನಕ್ಕೆ ತಂದವನು ಕಲಾಕೌವಾ. 1883ರಲ್ಲಿ ತನ್ನ ಪಟ್ಟಾಭಿಷೇಕೋತ್ಸವದಲ್ಲಿ ಹುಲಾ ಆಡಿಸಿದ್ದಕ್ಕೆ ಸಭ್ಯರೆನಿಸಿಕೊಂಡವರಿಂದ ಆತನು ಬಯ್ಗಳನ್ನು ಕೇಳಬೇಕಾಯಿತು. ಸಂಪ್ರದಾಯವೆಂಬುದು ಕೆಲವು ವೇಳೆ ಒಬ್ಬ ಹಠಮಾರಿಯ ಕೃತಿ.

ನನ್ನ ಆಕ್ಷೇಪಣೆ ಬೇರೊಂದು ಕಡೆಗಿದೆ. ಫಿಜಿಯ ಗ್ರಾಮವನ್ನು ಹೊಕ್ಕಾಗ ಭಾರತೀಯನಿಗೆ ಒಂದು ಕೊರತೆ ಕಾಣದೆ ಇರದು. ಜನಾಂಗಶಾಸ್ತ್ರಜ್ಞರು ಫಿಜಿಯನ್ನು ಮೆಲನೇಷ್ಯಕ್ಕೆ ಸೇರಿಸುತ್ತಾರೆ. ಅದನ್ನು ಪಾಲಿನೇಷ್ಯದ ಕೂಟಕ್ಕೆ ಕರೆದದ್ದು ನೆರೆಹೊರೆಯ ಔದಾರ್ಯವೆಂದು ಒಪ್ಪೋಣ. ಆದರೆ 1879ರಿಂದ 1916ರವರೆಗೆ ಕರಾರಿನ ಕೂಲಿಗಳಾಗಿ 60 ಸಾವಿರಕ್ಕೂ ಹೆಚ್ಚು ಭಾರತೀಯರನ್ನು, ಮೊದಲು ಕಲ್ಕತ್ತೆಯಿಂದಲೂ 1903ರಿಂದ ಮದರಾಸಿನಿಂದಲೂ, ಫಿಜಿಯ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ತುಂಬಿ ಕಳುಹಿಸಿದರು. ಕೇಂದ್ರವು ಬಾಗಿಲು ತೆರೆದ ಕಾಲದಲ್ಲಿ ಫಿಜಿಯ ಜನಸಂಖ್ಯೆಯಲ್ಲಿ ಅರ್ಧದಷ್ಟು ಅವರ ಸಂತಾನವಾಗಿತ್ತು. ಅವರ ಮನೆ ಆ ಗ್ರಾಮದಲ್ಲಿಲ್ಲ, ಅವರ ಹಾಡು ಆ ರಂಗದಲ್ಲಿಲ್ಲ. ಲಾಯಿಯೆಯ ಕಬ್ಬಿನ ಗಾಣಕ್ಕೂ ಅಲ್ಲಿ ಸ್ಥಾನ ಅಲ್ಪವೇ. ಶಾಂತಸಾಗರದ ಕಳೆದ ನೂರೈವತ್ತು ವರ್ಷಗಳ ಚರಿತ್ರೆಯಲ್ಲಿ ದೋಣಿಯಷ್ಟೇ ಮುಖ್ಯವಾದದ್ದು ಕಬ್ಬು. ಕೇಂದ್ರವು ದೋಣಿಯನ್ನು ಮಾತ್ರ ತೋರಿಸುತ್ತದೆ. ತೋರಿಸಿದ್ದು ಸುಳ್ಳಲ್ಲ, ಅಪೂರ್ಣ.

ಆದುದರಿಂದ ಆ ಕಡೆಗೆ ಹೋಗುವ ಕನ್ನಡಿಗರು ಲಾಯಿಯೆಯನ್ನು ಬಿಡಬೇಕಾಗಿಲ್ಲ. ಅದೊಂದರಿಂದ ತೃಪ್ತರಾಗಲೂ ಬೇಕಾಗಿಲ್ಲ. ಹೊನೊಲುಲುವಿನ ನಡುವೆ ಕಲಾಕೌವಾ ಕಟ್ಟಿಸಿದ ಇಯೊಲಾನಿ ಅರಮನೆಯಿದೆ. ಅದರ ಮಹಡಿಯ ಒಂದು ಕೋಣೆಯಲ್ಲಿ, 1895ರಲ್ಲಿ, ಪದಚ್ಯುತಳಾದ ರಾಣಿಯನ್ನು ಹಲವು ತಿಂಗಳು ಸೆರೆಯಿಟ್ಟಿದ್ದರು. ಆ ಕಾಲದಲ್ಲಿ ಆಕೆ ತನ್ನ ಸಖಿಯೊಡನೆ ಹೊಲಿಯತೊಡಗಿದ ಕವುದಿಯೊಂದು ಅಲ್ಲಿ ಈಗಲೂ ಇದೆ. ಮೊದಲು ಒಂದು ಬೆಳಿಗ್ಗೆ ಅದನ್ನು ನೋಡಿ, ಅನಂತರ ಲಾಯಿಯೆಯ ಬಸ್ಸನ್ನು ಹತ್ತಿರಿ.